ಕ್ರೂಗರ್ ಸಫಾರಿ: ಕೊಟ್ಟ ದುಡ್ಡಿಗೆ ಸಿಕ್ಕಿದ್ದೇನು?

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಪ್ರಾಣಿ ನೋಡಲು ಹೊರಟಿದ್ದೀರಾ? ಹಾಗಾದರೆ ಏಜೆಂಟ್ ಕೊಟ್ಟ ಬಣ್ಣದ ಹಾಳೆಯನ್ನು ಪಕ್ಕಕ್ಕಿಟ್ಟು ಮೊದಲು ಒಂದೇ ಪ್ರಶ್ನೆ ಕೇಳಿ. ಕಾಡಿನೊಳಗೆ ಎಷ್ಟು ರಾತ್ರಿ? ಕೇಪ್ ಟೌನ್, ಸನ್ ಸಿಟಿ, ಆಸ್ಟ್ರಿಚ್ ಫಾರ್ಮ್ ಎಲ್ಲ ತುಂಬಿಸಿ ಕಾಡಿಗೆ ಬರೀ ಎರಡು ರಾತ್ರಿ ಕೊಟ್ಟಿದ್ದರೆ, ಅದು ಸಫಾರಿ ಪ್ಯಾಕೇಜ್ ಅಲ್ಲ. ಊರು ನೋಡುವ ಟೂರಿನ ಜೊತೆ ಒಂದಿಷ್ಟು ಕಾಡು, ಅಷ್ಟೆ.

ನಾನು ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ಇಟ್ಟುಕೊಂಡವನು. ಆಗಸ್ಟ್‌ನಲ್ಲಿ ನಮಗೆ ಕೆಲಸ ಕಮ್ಮಿ. ಹೊಸ ಮಾಲು ಬರುವುದು ದೀಪಾವಳಿ ಹತ್ತಿರ ಬಂದಾಗಲೇ. ಹಾಗಾಗಿ ನಾನು, ನಮ್ಮನೆಯವರು, ಚಿತ್ರದುರ್ಗದ ಬೀಗರು, ಬೀಗಿತ್ತಿ, ನಾಲ್ಕು ಜನ ಹೊರಟೆವು. ಬೀಗರ ಜೊತೆ ಪ್ರವಾಸ ಅಂದರೆ ಗೊತ್ತಲ್ಲ, ಯಾವುದಕ್ಕೂ ಜೋರಾಗಿ ಬೇಡ ಅನ್ನುವ ಹಾಗಿಲ್ಲ. ಅವರಿಗೆ ಐಷಾರಾಮಿ ಲಾಡ್ಜ್ ಬೇಕು. ನನಗೆ ನಮ್ಮದೇ ಕಾರಿನಲ್ಲಿ ಸುತ್ತಬೇಕು. ಕೊನೆಗೆ ಎರಡನ್ನೂ ಮಾಡಿದೆವು. ಅದಕ್ಕೇ ಈಗ ಎರಡನ್ನೂ ತೂಗಿ ಬರೆಯೋಕೆ ಆಗ್ತಿದೆ.

ಕ್ರೂಗರ್ ಎಷ್ಟು ದೊಡ್ಡದು ಅಂತ ಮೊದಲು ತಿಳಿದುಕೊಂಡರೆ ಒಳ್ಳೆಯದು. ಸುಮಾರು 19,500 ಚದರ ಕಿಲೋಮೀಟರ್. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಕೂಡಿಸಿದರೂ ಅಷ್ಟಾಗುವುದಿಲ್ಲ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 350 ಕಿಲೋಮೀಟರ್ ಉದ್ದ. 1898ರಲ್ಲಿ ಸಾಬಿ ಅಭಯಾರಣ್ಯ ಅಂತ ಶುರುವಾಗಿ, 1926ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಒಳಗೆ ಡಾಂಬರು ರಸ್ತೆ ಇದೆ, ಪೆಟ್ರೋಲ್ ಬಂಕ್ ಇದೆ, ಅಂಗಡಿ ಇದೆ. ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿಗೆ ನಮ್ಮ ಗಾಡಿ ಬಿಡುವುದಿಲ್ಲ. ಕ್ರೂಗರ್‌ನಲ್ಲಿ ಬಾಡಿಗೆ ಕಾರು ತಗೊಂಡು ನೀವೇ ಓಡಿಸಿಕೊಂಡು ಹೋಗಬಹುದು. ನಮ್ಮ ಹಾಗೇ ಎಡಗಡೆ ಓಡಿಸುವ ದೇಶ, ಆದ್ದರಿಂದ ಕಷ್ಟ ಇಲ್ಲ. ನಾನು ಇಲ್ಲಿನ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಹೋಗಿದ್ದೆ.

ಮೊದಲು ಲಾಡ್ಜ್ ವಿಷಯ ಮುಗಿಸುತ್ತೇನೆ.

ಕ್ರೂಗರ್‌ನ ಪಶ್ಚಿಮಕ್ಕೆ ಅಂಟಿಕೊಂಡು ಸಾಬಿ ಸ್ಯಾಂಡ್ ಅಂತ ಖಾಸಗಿ ಕಾಡು ಇದೆ. ಮಧ್ಯದ ಬೇಲಿಯನ್ನು 1993ರಲ್ಲಿ ತೆಗೆದುಹಾಕಿದ್ದಾರೆ. ಹಾಗಾಗಿ ಪ್ರಾಣಿಗಳು ಆ ಕಡೆ ಈ ಕಡೆ ಆರಾಮಾಗಿ ಓಡಾಡುತ್ತವೆ. ನಮ್ಮ ಲಾಡ್ಜ್ ಅಲ್ಲೇ. ಮೇಲೆ ತೆರೆದ ಜೀಪು, ಓಡಿಸುವ ಗೈಡ್, ಬಾನೆಟ್ ತುದಿಯ ಪುಟ್ಟ ಸೀಟಿನಲ್ಲಿ ಹೆಜ್ಜೆ ನೋಡುವ ಟ್ರ್ಯಾಕರ್. ಈ ಟ್ರ್ಯಾಕರ್ ಬಗ್ಗೆ ಎಷ್ಟು ಹೊಗಳಿದರೂ ಕಮ್ಮಿ. ಮರಳಿನ ಮೇಲೆ ನಮಗೆ ಏನೂ ಕಾಣಿಸದ ಕಡೆ ಕೈ ಎತ್ತಿ ಜೀಪು ನಿಲ್ಲಿಸಿದ. ಇಳಿದು ಕೂತು ನೋಡಿದ. ಹೆಜ್ಜೆಯ ಅಂಚು ಇನ್ನೂ ಕುಸಿದಿಲ್ಲ, ಅದರ ಮೇಲೆ ಹುಳ ಹರಿದ ಗೆರೆ ಇಲ್ಲ, ಅಂದರೆ ಈಗಷ್ಟೇ ಹೋಗಿದೆ ಅಂದ. ಗೈಡ್ ಪೊದೆಗಳ ಮೇಲೇ ಜೀಪು ನುಗ್ಗಿಸಿದ. ಸ್ವಲ್ಪ ಹೊತ್ತಿಗೆ ಮರುಲಾ ಮರದ ಕವಲಿನಲ್ಲಿ ಚಿರತೆ. ಕೆಳಗಿನ ಕೊಂಬೆಗೆ ಇಂಪಾಲಾ ಅನ್ನುವ ಜಿಂಕೆಯಂಥ ಪ್ರಾಣಿ ಜೋತುಬಿದ್ದಿದೆ. ಚಿರತೆ ಅದರ ತೊಡೆಯ ಕೂದಲನ್ನು ಹಲ್ಲಿನಿಂದ ಕಿತ್ತು ಕಿತ್ತು ಉಗುಳುತ್ತಿತ್ತು. ಕೂದಲು ನಮ್ಮ ಜೀಪಿನ ಒಳಗೇ ಬಂದು ಬಿತ್ತು. ಬೀಗಿತ್ತಿ ಸೆರಗಿನ ಮೇಲಿಂದ ಅದನ್ನು ಕೊಡವಿಕೊಂಡರು. ಕಬಿನಿಯಲ್ಲಿ ವರ್ಷಗಟ್ಟಲೆ ಕಾದರೂ ನನಗೆ ಚಿರತೆಯ ಬಾಲ ಬಿಟ್ಟರೆ ಬೇರೇನೂ ಸಿಕ್ಕಿರಲಿಲ್ಲ.

ಆದರೆ ಹತ್ತು ನಿಮಿಷಕ್ಕೆ ಹೊರಡಬೇಕಾಯಿತು. ಒಂದು ಪ್ರಾಣಿಯ ಹತ್ತಿರ ಇಷ್ಟೇ ಗಾಡಿ ಅಂತ ನಿಯಮ. ಉಳಿದವರು ದೂರದಲ್ಲಿ ಕಾಯುತ್ತಿದ್ದರು, ನಮ್ಮ ಯಾರ್ಡಿನ ತೂಕದ ಕಾಟಾ ಮುಂದೆ ಲಾರಿ ನಿಂತ ಹಾಗೆ. ನಿಯಮ ಒಳ್ಳೆಯದೇ, ಪ್ರಾಣಿಯನ್ನು ಮುತ್ತಬಾರದು. ಆದರೆ ಆಮೇಲೆ ಶುರುವಾಗುತ್ತದೆ ವಾಕಿಟಾಕಿ ಗಲಾಟೆ. ಗೈಡ್‌ಗಳು ತಮ್ಮ ತಮ್ಮಲ್ಲಿ ಇಂಗ್ವೆ (ಚಿರತೆ), ನ್ಗಾಲಾ (ಸಿಂಹ) ಅಂತ ಅಲ್ಲಿನ ಭಾಷೆಯಲ್ಲೇ ಮಾತಾಡಿಕೊಳ್ಳುತ್ತಾರೆ, ಗಿರಾಕಿಗಳಿಗೆ ಮೊದಲೇ ಆಸೆ ಹುಟ್ಟದಿರಲಿ ಅಂತ. ಎರಡನೇ ಸಲಕ್ಕೇ ಬೀಗರು ಅದನ್ನು ಕಲಿತುಬಿಟ್ಟರು. "ನ್ಗಾಲಾ ಅಂದ್ರು, ಸಿಂಹ ಐತ್ರೀ ಬೀಗ್ರೆ, ಕ್ಯಾಮೆರಾ ತೆಗೀರಿ!" ಅಂತ ಗೈಡ್‌ಗಿಂತ ಮುಂಚೆ ಇವರೇ ಹೇಳುತ್ತಿದ್ದರು.

ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ. ಈ ಐದಕ್ಕೆ ಬಿಗ್ ಫೈವ್ ಅನ್ನುತ್ತಾರೆ. ನಡೆದುಕೊಂಡು ಹೋಗಿ ಬೇಟೆಯಾಡಲು ಈ ಐದೇ ಕಷ್ಟ ಅಂತ ಹಿಂದಿನ ಬೇಟೆಗಾರರು ಮಾಡಿದ ಪಟ್ಟಿ ಅದು. ಬಂದೂಕು ಹೋಗಿ ಕ್ಯಾಮೆರಾ ಬಂದರೂ ಪಟ್ಟಿ ಮಾತ್ರ ಹಾಗೇ ಉಳಿದಿದೆ. ಅದಕ್ಕೆ ಟಿಕ್ ಹಾಕುವ ಆತುರದಲ್ಲಿ ಜಿರಾಫೆ ನೀರು ಕುಡಿಯುವುದನ್ನು ಪೂರ್ತಿ ನೋಡಲು ಬಿಡಲಿಲ್ಲ. ಮುಂದಿನ ಕಾಲು ಎರಡನ್ನೂ ಅಗಲ ಮಾಡಿ, ಬಗ್ಗಿ, ಹೆದರಿ ಎದ್ದು, ಮತ್ತೆ ಅಗಲ ಮಾಡಿ, ಅಂತೂ ಮೂತಿ ನೀರಿಗೆ ತಾಗಿತು ಅನ್ನುವಷ್ಟರಲ್ಲಿ ಜೀಪು ಹೊರಟಿತು. ಏಕೆಂದರೆ ಎಲ್ಲೋ ಕಾಡೆಮ್ಮೆ ಕಂಡಿದೆಯಂತೆ.

ಏಜೆಂಟ್ ಲೆಕ್ಕದ ಬಗ್ಗೆಯೂ ಒಂದು ಮಾತು. ಹೆಸರು ಬೇಡ. ಗೇಟಿನಿಂದ ಲಾಡ್ಜಿಗೆ ಕರಕೊಂಡು ಹೋಗಿದ್ದನ್ನೂ ಒಂದು ಸಫಾರಿ ಅಂತ ಸೇರಿಸಿದ್ದರು! ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ನೀವೂ ಓದಿಕೊಳ್ಳಿ. ಇನ್ನೊಂದು, ನಾವು ಮೊಟ್ಟೆಯನ್ನೂ ತಿನ್ನದ ಶುದ್ಧ ಸಸ್ಯಾಹಾರಿಗಳು ಅಂತ ಬರೆಸಿದ್ದೆವು. ಆ ಚೀಟಿ ಲಾಡ್ಜಿಗೆ ತಲುಪಿರಲೇ ಇಲ್ಲ. ಮೊದಲ ರಾತ್ರಿ ಬೀಗರ ಸೊಪ್ಪಿನ ತಟ್ಟೆಯಲ್ಲಿ ಕೆಂಪಗೆ ಏನೋ ಚೂರು. ಕೇಳಿದರೆ ಬೇಕನ್ ಅಂದರು. ಬೀಗರು ತಟ್ಟೆ ತಳ್ಳಿ ಎದ್ದರು. ಪಾಪ, ಅಡುಗೆಯವರೇ ಹೊರಗೆ ಬಂದು ಕೈಮುಗಿದು ಏನು ಮಾಡಿಕೊಡಲಿ ಅಂದರು. ನೀವು ಮನೇಲಿ ಏನು ತಿಂತೀರೋ ಅದನ್ನೇ ಕೊಡಿ, ಮಾಂಸ ಮಾತ್ರ ಬೇಡ ಅಂದೆ.

ಬಂದದ್ದು ಪಾಪ್ ಮತ್ತು ಚಕಲಕಾ. ಪಾಪ್ ಅಂದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಚಕಲಕಾ ಅಂದರೆ ಟೊಮೇಟೊ, ಈರುಳ್ಳಿ, ಕ್ಯಾರೆಟ್, ಬೀನ್ಸ್ ಕಾಳು ಹಾಕಿ ಮಾಡುವ ಖಾರದ ಪಲ್ಯ. ನಾನು ಇಷ್ಟು ವರ್ಷ ಮೆಕ್ಕೆಜೋಳ ಮಾರಿದ್ದೇನೆ, ಮುದ್ದೆ ಮಾಡಿ ಉಂಡಿರಲಿಲ್ಲ. ನಮ್ಮ ಹಳದಿ ಮಾಲು ಹೋಗುವುದು ಕೋಳಿ ಫೀಡಿಗೆ, ಸ್ಟಾರ್ಚ್ ಫ್ಯಾಕ್ಟರಿಗೆ. ಅಲ್ಲಿ ಹಳದಿ ಮಾಲು ದನಕ್ಕೆ, ಬಿಳಿ ಮಾಲು ಮನುಷ್ಯರ ಊಟಕ್ಕೆ. ಅಡುಗೆಯವರು ಒಂದು ಹಿಡಿ ಹಿಟ್ಟು ತಂದು ತೋರಿಸಿದರು. ಮೂಸಿದೆ, ಉಜ್ಜಿದೆ. ಒಳ್ಳೆ ಒಣಗಿದ ಕಾಳಿನದು, ಬೂಸ್ಟಿನ ವಾಸನೆ ಸ್ವಲ್ಪವೂ ಇಲ್ಲ. ಸಸ್ಯಾಹಾರಿಗಳು ಇವೆರಡರ ಹೆಸರು ಬರೆದಿಟ್ಟುಕೊಳ್ಳಿ. ಜೊತೆಗೆ ಅಚ್ಚಾರ್ ಅಂತ ಮಾವಿನಕಾಯಿ ಉಪ್ಪಿನಕಾಯಿ ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ. ಹೊಟ್ಟೆಗೆ ಮೋಸ ಇಲ್ಲ.

ಲಾಡ್ಜಿನಿಂದ ಹೊರಬಿದ್ದು, ಕಾರು ತಗೊಂಡು, ನಾವೇ ಪಾರ್ಕಿನೊಳಗೆ ಹೋದೆವು. ನನ್ನ ಪ್ರಕಾರ ನಿಜವಾದ ಸಫಾರಿ ಶುರುವಾದದ್ದು ಇಲ್ಲಿಂದ.

ಪಾರ್ಕ್ ನಡೆಸುವುದು ಅಲ್ಲಿನ ಸರ್ಕಾರಿ ಸಂಸ್ಥೆ ಸ್ಯಾನ್‌ಪಾರ್ಕ್ಸ್. ಒಳಗೆ ರೆಸ್ಟ್ ಕ್ಯಾಂಪ್‌ಗಳಿವೆ. ಸ್ಕುಕುಜಾ ಎಲ್ಲಕ್ಕಿಂತ ದೊಡ್ಡದು. ನಾವಿದ್ದದ್ದು ಜಾಸ್ತಿ ಲೋವರ್ ಸಾಬಿ ಮತ್ತು ಸತಾರಾದಲ್ಲಿ. ಹುಲ್ಲಿನ ಚಾವಣಿಯ ಗುಂಡನೆ ಮನೆ, ಹಾಸಿಗೆ, ಬಿಸಿನೀರು, ಹೊರಗೆ ಜಗುಲಿಯಲ್ಲಿ ಪುಟ್ಟ ಅಡುಗೆ ಕಟ್ಟೆ. ಸುತ್ತ ಕರೆಂಟ್ ಬೇಲಿ. ಫ್ರಿಜ್‌ಗೆ ಚಿಲಕ ಇದೆ, ಹಾಕಲೇಬೇಕು. ಕೋತಿಗಳು ನಮ್ಮ ದುರ್ಗದ ಕೋಟೆಯ ಕೋತಿಗಳಿಗೂ ಪಾಠ ಹೇಳಿಕೊಡುತ್ತವೆ. ನಮ್ಮನೆಯವರು ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿ ಲೋಟ ತರಲು ತಿರುಗಿದರು, ಅಷ್ಟರಲ್ಲಿ ಎರಡು ನಿಂಬೆಹಣ್ಣು ಮಾಯ. ಕಚ್ಚಿ ನೋಡಿ ಮುಖ ಹಿಂಡಿಕೊಂಡು ನಮ್ಮ ಕಾರಿನ ಮೇಲೇ ಎಸೆದು ಹೋಯಿತು.

ರೇಟು ಹೇಳಿಬಿಡುತ್ತೇನೆ. ವಿದೇಶಿಯರಿಗೆ ಪ್ರವೇಶ ಶುಲ್ಕ ದಿನಕ್ಕೆ ತಲಾ 500 ರಾಂಡ್‌ಗೂ ಮೇಲೆ. ಒಂದು ರಾಂಡ್ ಅಂದರೆ ಹತ್ತಿರ ಹತ್ತಿರ 5 ರೂಪಾಯಿ. ಇದು ಕಮ್ಮಿ ಏನಲ್ಲ. ಆದರೆ ಕ್ಯಾಂಪಿನ ಬಾಡಿಗೆ, ಪೆಟ್ರೋಲು, ಕಾರು, ಎಲ್ಲಾ ಕೂಡಿಸಿದರೂ ಲಾಡ್ಜಿನ ಒಂದು ರಾತ್ರಿಯ ದುಡ್ಡಿನಲ್ಲಿ ಇಲ್ಲಿ ಹಲವು ರಾತ್ರಿ ಕಳೆಯಬಹುದು. ಒಂದೇ ತೊಂದರೆ, ಒಳ್ಳೆಯ ಕ್ಯಾಂಪ್‌ಗಳು ತಿಂಗಳುಗಟ್ಟಲೆ ಮುಂಚೆಯೇ ಭರ್ತಿ. ವಿಮಾನದ ಟಿಕೆಟ್‌ಗಿಂತ ಮೊದಲು ಕ್ಯಾಂಪ್ ಬುಕ್ ಮಾಡಿ.

ನಿಯಮ ಬಿಗಿ. ಡಾಂಬರು ರಸ್ತೆಯಲ್ಲಿ ಗಂಟೆಗೆ 50, ಮಣ್ಣು ರಸ್ತೆಯಲ್ಲಿ 40 ಕಿಲೋಮೀಟರ್. ಸ್ಪೀಡ್ ಹಿಡಿಯುವ ಪೊಲೀಸರೂ ಇದ್ದಾರೆ. ಕ್ಯಾಂಪ್, ಪಿಕ್‌ನಿಕ್ ಜಾಗದಂಥ ಗುರುತು ಮಾಡಿದ ಕಡೆ ಬಿಟ್ಟು ಎಲ್ಲೂ ಕಾರಿನಿಂದ ಇಳಿಯುವ ಹಾಗಿಲ್ಲ. ಆಗಸ್ಟ್‌ನಲ್ಲಿ ಬೆಳಿಗ್ಗೆ ಆರಕ್ಕೆ ಗೇಟ್ ತೆಗೆದು ಸಂಜೆ ಆರಕ್ಕೆ ಹಾಕುತ್ತಾರೆ. ತಡವಾದರೆ ದಂಡ. ಬೀಗರಿಗೆ ಇದು ಸೆರೆಮನೆ ಅನ್ನಿಸಿತು. ನನಗೆ ಅದೇ ಇಷ್ಟವಾಯಿತು. 40ರಲ್ಲಿ ಹೋದರೆ ಕಣ್ಣಿಗೆ ಎಲ್ಲಾ ಸಿಗುತ್ತದೆ.

ಲೋವರ್ ಸಾಬಿ ಗೇಟಿನ ಹತ್ತಿರವೇ ಸನ್‌ಸೆಟ್ ಡ್ಯಾಮ್ ಅಂತ ಒಂದು ಕೆರೆ ಇದೆ. ನಮ್ಮ ಸೂಳೆಕೆರೆ ಮುಂದೆ ಇದೊಂದು ಹೊಂಡ. ರಸ್ತೆ ನೀರಿನ ಅಂಚಿಗೇ ಬರುತ್ತದೆ. ಎಂಜಿನ್ ಆರಿಸಿ, ಖಾರ ಮಂಡಕ್ಕಿ ಡಬ್ಬ ಬಿಚ್ಚಿಕೊಂಡು ಕೂತುಬಿಟ್ಟೆವು. ನೀರಾನೆಗಳ ಬೆನ್ನ ಮೇಲೆ ಆಮೆಗಳು ಸಾಲಾಗಿ ಬಿಸಿಲು ಕಾಯಿಸುತ್ತಿದ್ದವು. ನೀರಾನೆ ಮುಳುಗಿದರೆ ಆಮೆಗಳು ದಬದಬ ಬೀಳುತ್ತವೆ, ಅದು ಎದ್ದ ತಕ್ಷಣ ಮತ್ತೆ ಹತ್ತಲು ಜಗಳ. ದಡದಲ್ಲಿ ಮೊಸಳೆಗಳು ಬಾಯಿ ತೆರೆದು ಮಲಗಿದ್ದವು. ಇಂಪಾಲಾ ಹಿಂಡು ಬಂತು. ಮುಂದಿನದು ಎರಡು ಹೆಜ್ಜೆ ಇಡುತ್ತದೆ, ನಿಲ್ಲುತ್ತದೆ, ಹಿಂದಕ್ಕೆ ಜಿಗಿಯುತ್ತದೆ. ಹಿಂದಿನವೆಲ್ಲ ಜಿಗಿಯುತ್ತವೆ. ಮತ್ತೆ ಎರಡು ಹೆಜ್ಜೆ. ಬಾಯಾರಿಕೆ ಒಂದು ಕಡೆ, ಪ್ರಾಣಭಯ ಒಂದು ಕಡೆ. ಮಂಡಕ್ಕಿ ಖಾಲಿಯಾದರೂ ಒಂದೂ ನೀರು ಕುಡಿದಿರಲಿಲ್ಲ. ಆಮೇಲೆ ಒಂದು ಮರಿ, ಯಾವ ಯೋಚನೆಯೂ ಇಲ್ಲದೆ, ಸೀದಾ ಹೋಗಿ ಕುಡಿಯಲು ಶುರುಮಾಡಿತು. ಉಳಿದವೂ ಬಂದವು. ಮೊಸಳೆ ಅಲುಗಲಿಲ್ಲ. ಏನೂ ಆಗಲಿಲ್ಲ. ಆ ಏನೂ ಆಗದ ಮಧ್ಯಾಹ್ನವೇ ನನಗೆ ಇಡೀ ಪ್ರವಾಸದಲ್ಲಿ ಹೆಚ್ಚು ನೆನಪಿರುವುದು. ಯಾವ ಜೀಪಿನವರೂ ನಿಮ್ಮನ್ನು ಅಷ್ಟು ಹೊತ್ತು ಅಲ್ಲಿ ಕೂರಿಸುವುದಿಲ್ಲ.

ಸತಾರಾ ಕಡೆ ಹುಲ್ಲುಗಾವಲು, ಸಿಂಹಕ್ಕೆ ಹೆಸರುವಾಸಿ. ಎಸ್-100 ಅನ್ನುವ ಮಣ್ಣು ರಸ್ತೆಯಲ್ಲಿ ಬೆಳಿಗ್ಗೆ ಗೇಟ್ ತೆಗೆದ ತಕ್ಷಣ ಹೋಗಿ. ನಮಗೆ ಸಿಂಹ ಸಿಕ್ಕವು, ರಸ್ತೆ ಮಧ್ಯೆ ಮಲಗಿದ್ದವು, ಅಷ್ಟೆ. ಸಿಂಹ ದಿನದ ಹೆಚ್ಚು ಹೊತ್ತು ಮಲಗಿಯೇ ಇರುತ್ತದೆ. ತ್ಯಾವರೆಕೊಪ್ಪದಲ್ಲೂ ಮಲಗಿರುತ್ತವೆ, ಇಲ್ಲೂ ಮಲಗಿರುತ್ತವೆ. ಅದಕ್ಕಿಂತ ಕತ್ತೆಕಿರುಬದ ಮರಿಗಳು ಮೇಲು. ರಸ್ತೆ ಕೆಳಗಿನ ಮೋರಿ ಪೈಪಿನಲ್ಲಿ ಅವು ಮನೆ ಮಾಡಿಕೊಳ್ಳುತ್ತವೆ. ಕಪ್ಪಗೆ, ದುಂಡಗೆ, ದೊಡ್ಡ ಕಿವಿ. ಒಂದು ಮರಿ ನಮ್ಮ ಕಾರಿನ ಮುಂದಿನ ಟೈರು ಮೂಸಿತು, ಕಚ್ಚಿ ನೋಡಿತು, ಸೀನಿತು. ತಾಯಿ ಮೋರಿಯ ಬಾಯಲ್ಲಿ ಮಲಗಿ ಒಂದು ಕಣ್ಣು ತೆರೆದು ನೋಡುತ್ತಿತ್ತು. ಅಪಶಕುನ ಅಂತ ಬೀಗಿತ್ತಿ ಮೊದಲು ಮುಖ ತಿರುಗಿಸಿದ್ದರು. ಆಮೇಲೆ "ಎಷ್ಟ್ ಚಂದ ಐತಲ್ರೀ ಕೂಸು" ಅಂದರು.

ಆನೆ ವಿಷಯದಲ್ಲಿ ಮಾತ್ರ ಹುಷಾರು. ನಮ್ಮ ಆನೆಗಿಂತ ದೊಡ್ಡದು, ಕಿವಿ ಅಂತೂ ಮೊರಕ್ಕಿಂತ ಅಗಲ, ಹೆಣ್ಣಿಗೂ ದಂತ ಇರುತ್ತದೆ. ಒಂದು ತಿರುವಿನಲ್ಲಿ ಒಂಟಿ ಸಲಗ ಎದುರಾಯಿತು. ಕಣ್ಣು ಕಿವಿ ನಡುವೆ ಮದದ ನೀರು ಇಳಿದು ಕೆನ್ನೆ ಕಪ್ಪಗಾಗಿತ್ತು. ಹಿಂಗಾಲೂ ಒದ್ದೆ. ಗೈಡ್ ಮೊದಲೇ ಹೇಳಿಕೊಟ್ಟಿದ್ದ, ಇಂಥದ್ದು ಕಂಡರೆ ಹಾರ್ನ್ ಬೇಡ, ಸುಮ್ನೆ ಹಿಂದೆ ಹೋಗು ಅಂತ. ರಿವರ್ಸ್ ಹಾಕಿದೆ. ಅದು ನಡೆದಷ್ಟೂ ನಾನು ಹಿಂದೆ. "ರೀ, ಇನ್ನೂ ಬರ್ತಿದೆ ರೀ" ಅಂತ ನಮ್ಮನೆಯವರು, ಹಿಂದಿನ ಸೀಟಿನಲ್ಲಿ ಬೀಗರಿಂದ ಗಣಪತಿ ಸ್ತೋತ್ರ. ಕೊನೆಗೆ ಅದಕ್ಕೇ ಬೇಜಾರಾಗಿ ಪಕ್ಕದ ಮರ ತಳ್ಳಿಕೊಂಡು ಹೋಯಿತು. ಅದಕ್ಕೇ ಹೇಳೋದು, ತೀರಾ ಸಣ್ಣ ರಸ್ತೆಗೆ ಒಬ್ಬರೇ ಹೋಗಬೇಡಿ. ಕಾರು ಎತ್ತರದ್ದು ತಗೊಳ್ಳಿ.

ಕ್ಯಾಂಪ್‌ಗಳಲ್ಲಿ ಒಂದು ನಕ್ಷೆ ಹಲಗೆ ಇರುತ್ತದೆ. ಎಲ್ಲಿ ಯಾವ ಪ್ರಾಣಿ ಕಂಡಿತು ಅಂತ ಬಣ್ಣದ ಗುಂಡಿ ಅಂಟಿಸುತ್ತಾರೆ. ಅದರಲ್ಲಿ ಘೇಂಡಾಮೃಗ ಇರುವುದಿಲ್ಲ. ಬೇಕಂತಲೇ ಹಾಕುವುದಿಲ್ಲ, ಕಳ್ಳಬೇಟೆಗಾರರಿಗೆ ಗೊತ್ತಾಗಬಾರದು ಅಂತ. 2014ರಲ್ಲಿ ಆ ದೇಶದಲ್ಲಿ ಒಂದೇ ವರ್ಷಕ್ಕೆ 1,215 ಘೇಂಡಾಮೃಗ ಕೊಂದಿದ್ದರು. ನಮಗೆ ಕಂಡದ್ದರ ಕೊಂಬು ಮೊಂಡಾಗಿತ್ತು. ಪ್ರಾಣ ಉಳಿಸಲು ಪಾರ್ಕಿನವರೇ ಕೊಂಬು ಕತ್ತರಿಸುತ್ತಾರೆ. ನೀವೂ ಫೋಟೋ ಹಾಕುವಾಗ ಜಾಗ ಹೇಳಬೇಡಿ.

ಕ್ಯಾಂಪಿನವರದೇ ಸಂಜೆ ಸಫಾರಿ ಲಾರಿ ಇದೆ. ಅದನ್ನು ಒಂದು ಸಲ ಮಾಡಲೇಬೇಕು, ಏಕೆಂದರೆ ಕತ್ತಲಾದ ಮೇಲೆ ರಸ್ತೆಯಲ್ಲಿರಲು ಅದೊಂದೇ ದಾರಿ. ಸ್ಪಾಟ್‌ಲೈಟ್ ನಮ್ಮ ಕೈಗೇ ಕೊಡುತ್ತಾರೆ. ಅಲ್ಲಿ ಸಿಕ್ಕ ಗೈಡ್ ಪಕ್ಕದ ಹಳ್ಳಿಯವರು, ಮನೆಯಲ್ಲಿ ದನ ಇವೆಯಂತೆ. ಪಾರ್ಕಿನ ಕಾಡೆಮ್ಮೆಗಳಲ್ಲಿ ಕಾಲುಬಾಯಿ ಜ್ವರದ ಸೋಂಕು ಇರುವುದರಿಂದ ಬೇಲಿ ಅಂಚಿನ ಹಳ್ಳಿಗಳ ದನವನ್ನು ಬೇಕಾದ ಕಡೆ ಮಾರುವ ಹಾಗಿಲ್ಲ. ರಾಣೆಬೆನ್ನೂರು ಕಡೆಯ ರೈತರು ನಮ್ಮ ಅಂಗಡಿಗೆ ಬಂದಾಗ ಕೃಷ್ಣಮೃಗ ಪೈರು ತಿಂದಿದ್ದನ್ನು ಹೇಳಿಕೊಳ್ಳುತ್ತಾರಲ್ಲ, ಅದನ್ನೇ ಅವರಿಗೆ ಹೇಳಿದೆ. ಪರಿಹಾರ ಕೊಡ್ತಾರಾ ಅಂತ ಕೇಳಿದರು. ಕೊಡ್ತಾರೆ, ತಡ ಅಂದೆ. ಜೋರಾಗಿ ನಕ್ಕರು. ಅವತ್ತು ಮಧ್ಯಾಹ್ನ ಹುತ್ತದ ಮೇಲೆ ಕೂತ ಚೀತಾ ಕಂಡಿತ್ತು. ಬೀಗರು ಅದರ ಸುದ್ದಿ ತೆಗೆದರು. 2023ರ ಫೆಬ್ರವರಿಯಲ್ಲಿ ತಮ್ಮ ದೇಶದಿಂದ 12 ಚೀತಾ ಮಧ್ಯಪ್ರದೇಶದ ಕುನೋಗೆ ಬಂದದ್ದು ಆ ಗೈಡ್‌ಗೆ ಗೊತ್ತಿತ್ತು. ಹೇಗಿವೆ ಅಂತ ನಮ್ಮನ್ನೇ ಕೇಳಿದರು!

ತ್ಶೋಕ್ವಾನೆ ಅನ್ನುವ ಪಿಕ್‌ನಿಕ್ ಜಾಗದಿಂದ ಸತಾರಾಕ್ಕೆ ಬರುವ ದಾರಿಯಲ್ಲಿ ಒಂದು ಬಾಓಬಾಬ್ ಮರ ಇದೆ. ಸವಣೂರಿನ ಮಠದಲ್ಲಿರುವ ದೊಡ್ಡ ಹುಣಸೆ ಮರ ನೋಡಿದ್ದೀರಲ್ಲ, ಅದೇ ಜಾತಿ. ಸವಣೂರಿನದೇ ದಪ್ಪ. ಸತಾರಾದಿಂದ ಉತ್ತರಕ್ಕೆ ಲೆಟಾಬಾ ಕ್ಯಾಂಪಿಗೆ ಹೋದರೆ ಆನೆಗಳ ಮ್ಯೂಸಿಯಂ ಇದೆ, ಮೂರು ಮೀಟರ್‌ಗೂ ಉದ್ದದ ದಂತಗಳನ್ನು ಇಟ್ಟಿದ್ದಾರೆ. ದಾರಿಯಲ್ಲಿದ್ದರೆ ನೋಡಿ, ಅದಕ್ಕಾಗಿಯೇ ಹೋಗಬೇಕಾಗಿಲ್ಲ.

ಕೊನೆಗೆ ಪಕ್ಕದ ದೇಶ ಬೋಟ್ಸ್ವಾನಾದಲ್ಲಿ ಚೋಬೆ ನದಿ ದಡದ ಚೋಬೆ ರಾಷ್ಟ್ರೀಯ ಉದ್ಯಾನಕ್ಕೂ ಹೋದೆವು. ಬೋಟ್ಸ್ವಾನಾದಲ್ಲಿ ಸುಮಾರು 1,30,000 ಆನೆ ಇವೆ, ಯಾವ ದೇಶದಲ್ಲೂ ಅಷ್ಟಿಲ್ಲ. ದೋಣಿಯಲ್ಲಿ ಕೂತು ನೋಡುವುದು ಅಲ್ಲಿನ ವಿಶೇಷ. ಹಿಂಡು ಹಿಂಡೇ ನದಿಗಿಳಿದು, ಸೊಂಡಿಲು ಮೇಲೆತ್ತಿಕೊಂಡು ನಡುಗಡ್ಡೆಗೆ ಈಜುತ್ತವೆ. ಸೆಡುಡು ಅನ್ನುವ ಆ ನಡುಗಡ್ಡೆಗೆ ಬೋಟ್ಸ್ವಾನಾ, ನಮೀಬಿಯಾ ವ್ಯಾಜ್ಯವಾಡಿ, 1999ರಲ್ಲಿ ಅಂತಾರಾಷ್ಟ್ರೀಯ ಕೋರ್ಟ್ ಬೋಟ್ಸ್ವಾನಾ ಕಡೆ ತೀರ್ಪು ಕೊಟ್ಟಿತು. ಈಗ ಅಲ್ಲಿ ಮೇಯುವುದು ಆನೆ, ಕಾಡೆಮ್ಮೆ. ದೋಣಿ ಸಫಾರಿಗೆ ಪೂರ್ತಿ ಅಂಕ. ಆದರೆ ಬೇರೆ ವೀಸಾ, ಬೇರೆ ವಿಮಾನ. ಮೊದಲ ಸಲ ಹೋಗುವವರು ಬಿಟ್ಟರೂ ನಷ್ಟ ಇಲ್ಲ.

ಹೊರಡುವವರಿಗೆ ಇಷ್ಟು. ಆಗಸ್ಟ್ ಅಲ್ಲಿ ಚಳಿಗಾಲದ ಕೊನೆ. ಮಳೆ ಇಲ್ಲ, ಎಲೆ ಉದುರಿರುತ್ತದೆ, ಪ್ರಾಣಿಗಳು ನೀರಿಗೆ ಬಂದೇ ಬರಬೇಕು. ಬೆಳಗಿನ ಜೀಪಿನಲ್ಲಿ ಚಳಿ ಎಲುಬಿಗೆ ಇಳಿಯುತ್ತದೆ, ಟೊಪ್ಪಿ, ಸ್ವೆಟರ್ ಬೇಕೇ ಬೇಕು. ಮಲೇರಿಯಾ ಪ್ರದೇಶ, ಡಾಕ್ಟರ ಹತ್ತಿರ ಮಾತ್ರೆ ಕೇಳಿಕೊಂಡು ಹೋಗಿ. ಅಡಿಸ್ ಅಬಾಬಾ, ನೈರೋಬಿ ಮೇಲೆ ಹೋಗುವ ಟಿಕೆಟ್ ಸೋವಿಯಾಗಿ ಕಾಣಬಹುದು. ಆದರೆ ಅವು ಹಳದಿ ಜ್ವರದ ದೇಶಗಳು. ಚುಚ್ಚುಮದ್ದಿನ ಕಾರ್ಡ್ ಬೇಕಾ ಅಂತ ದುಡ್ಡು ಕಟ್ಟುವ ಮೊದಲೇ ವಿಚಾರಿಸಿ. ಹಾಕಿಸಿದ ಹತ್ತು ದಿನದ ಮೇಲಷ್ಟೇ ಅದು ಲೆಕ್ಕಕ್ಕೆ. ನಾವು ದುಬೈ ಮೇಲೆ ಹೋದೆವು, ತಾಪತ್ರಯ ಇರಲಿಲ್ಲ.

ಅಂಕ ಕೊಡು ಅಂದರೆ, ಕ್ರೂಗರ್‌ನ ರೆಸ್ಟ್ ಕ್ಯಾಂಪ್ ಮತ್ತು ಸ್ವಂತ ಡ್ರೈವಿಂಗ್‌ಗೆ ಐದಕ್ಕೆ ಐದು. ಲಾಡ್ಜಿಗೆ ಮೂರೂವರೆ, ಅದರಲ್ಲಿ ಎರಡು ಆ ಟ್ರ್ಯಾಕರ್‌ಗೆ. ಲಾಡ್ಜ್ ಬೇಕೇ ಬೇಕು ಅಂದರೆ ಒಂದೆರಡು ರಾತ್ರಿ ಸಾಕು, ಅದೂ ಶುರುವಿನಲ್ಲೇ. ನೋಡುವುದು ಹೇಗೆ ಅಂತ ಅವರ ಹತ್ತಿರ ಕಲಿತುಕೊಂಡರೆ ಮುಂದೆ ನಿಮ್ಮ ಕಾರಿನಲ್ಲಿ ಉಪಯೋಗಕ್ಕೆ ಬರುತ್ತದೆ. ಏಜೆಂಟ್‌ಗೆ ಒಂದೂವರೆ.

ಬೀಗರು ಇದನ್ನು ಒಪ್ಪುವುದಿಲ್ಲ. ಬೇಕನ್ ಒಂದು ಬಿಟ್ಟರೆ ಲಾಡ್ಜೇ ಸ್ವರ್ಗ, ನಾನು ನಾಲ್ಕು ದುಡ್ಡು ಉಳಿಸಲು ಅವರನ್ನು ಆನೆ ಮುಂದೆ ರಿವರ್ಸ್ ಓಡಿಸಿದೆ ಅಂತ ದುರ್ಗದಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ. ಮುಂದಿನ ವರ್ಷ ಕೀನ್ಯಾಗೆ ಅದೇ ಏಜೆಂಟ್ ಹತ್ತಿರ ಮಾತಾಡಿಯೂ ಆಗಿದೆ. ಈ ಸಲ ಸಣ್ಣ ಅಕ್ಷರವನ್ನು ನಾನೇ ಓದಿಕೊಡುತ್ತೇನೆ ಅಂದಿದ್ದೇನೆ.